ಐದು ಕಿಲೋ ಚೀಲ

ಅಹಮದಾಬಾದ್
3 ನವೆಂಬರ್ 2024

ಪ್ರೀತಿಯ ತಂಗಿ ಮೇದಿನಿಗೆ,

ಫೋನ್ ಮಾಡಿದರೆ ನೀನು ಮೂರು ಸಲ "ಹೂಂ ಅಕ್ಕ" ಅನ್ನುತ್ತೀ. ಹಿಂದೆ ಇಪ್ಪತ್ತು ಹೊಲಿಗೆ ಯಂತ್ರಗಳ ಸದ್ದು. ಆಮೇಲೆ "ಇಡ್ಲೇನ?" ಅನ್ನುತ್ತೀ. ನಿನ್ನ ಹತ್ತಿರ ಒಂದು ದೊಡ್ಡ ಕೆಲಸ ಕೇಳುವುದಿದೆ, ಅದು ಮೂರು ಹೂಂಗಳಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಕಾಗದ. ನೀನೂ ಕಾಗದದಲ್ಲೇ ಉತ್ತರ ಬರಿ. ಕಾಗದದಲ್ಲಿ ನಿನಗೆ ನಾಚಿಕೆ ಕಡಿಮೆ.

ನಮ್ಮ ಸಂಸ್ಥೆ ಶಾಲೆಯ ಮಕ್ಕಳನ್ನು ಕಾಡಿನ ಶಿಬಿರಗಳಿಗೆ ಕರೆದುಕೊಂಡು ಹೋಗುತ್ತದೆ, ನಿನಗೆ ಗೊತ್ತು. ಎರಡು ವರ್ಷದಿಂದ ನಾನು ಅಲ್ಲಿ ಸಹಾಯಕಿ. ಹಾಜರಿ ಕರೆಯುವುದು, ಮಕ್ಕಳ ಬೂಟಿನ ಲೇಸು ಕಟ್ಟುವುದು, ಇಷ್ಟೇ. ಶಿಬಿರದ ನಾಯಕಿ ಆಗಬೇಕೆಂದರೆ ಡಾಂಗ್ ಕಾಡಿನಲ್ಲಿ ಎರಡು ರಾತ್ರಿ, ಮೂರು ಹಗಲು ಒಬ್ಬಳೇ ಇದ್ದು ಬರಬೇಕು. ಅದೇ ಪರೀಕ್ಷೆ.

ಹೋದ ಫೆಬ್ರುವರಿಯಲ್ಲಿ ನನಗೆ ಜ್ವರ ಬಂದು ವಾಪಸ್ ಬಂದೆ ಎಂದು ಮನೆಯಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳು. ಜ್ವರ ಬಂದಿರಲಿಲ್ಲ. ನನ್ನ ಬೆನ್ನ ಮೇಲೆ ಹನ್ನೊಂದು ಕಿಲೋ ಇತ್ತು. ಅಂಗಡಿಯಲ್ಲಿ ಕಂಡದ್ದನ್ನೆಲ್ಲ ತುಂಬಿಕೊಂಡಿದ್ದೆ. ಎರಡನೆಯ ದಿನ ಹಳ್ಳಕ್ಕೆ ಇಳಿಯುವಾಗ ಚೀಲ ನನ್ನನ್ನು ಹಿಂದಕ್ಕೆ ಜಗ್ಗಿತು. ಮೊಣಕಾಲು ಹೊರಳಿತು. ಸೀಟಿ ಊದಿದೆ. ದೂರದಲ್ಲಿ ಕಾವಲಿದ್ದ ಸಂಸ್ಥೆಯ ಇಬ್ಬರು ಬಂದು ಹೆಗಲು ಕೊಟ್ಟು ಕರೆದುಕೊಂಡು ಹೋದರು. ಚೀಲವನ್ನೂ ಅವರೇ ಹೊತ್ತರು. ಅದು ನನಗೆ ಕಾಲು ನೋವಿಗಿಂತ ಹೆಚ್ಚು ನೋವಾಯಿತು.

ಈ ವರ್ಷ ನಮ್ಮ ಮುಖ್ಯಸ್ಥರು ವಿರಲ್‌ಭಾಯ್ ಹೊಸ ನಿಯಮ ಮಾಡಿದ್ದಾರೆ. ಚೀಲ, ಅದರೊಳಗಿನ ಸಾಮಾನು, ಊಟ ಎಲ್ಲ ಸೇರಿ ಐದು ಕಿಲೋ ದಾಟಬಾರದು. ನೀರು ಬೇರೆ. ದಾಟಿದರೆ ಕಾಡಿನ ಒಳಗೆ ಬಿಡುವುದಿಲ್ಲ. ಎರಡು ಸಲ ಮಾತ್ರ ಅವಕಾಶ, ನನಗೆ ಇದು ಎರಡನೆಯದು. ಫೆಬ್ರುವರಿ ಮೂರಕ್ಕೆ. ಈ ಸಲವೂ ಆಗದಿದ್ದರೆ ನಾನು ಲೇಸು ಕಟ್ಟುತ್ತಲೇ ಇರುತ್ತೇನೆ.

ನನ್ನ ಹಳೆಯ ಚೀಲ ಒಂದೇ ಎರಡೂವರೆ ಕಿಲೋ ಇದೆ. ನೀನು ನನಗೊಂದು ಚೀಲ ಹೊಲಿದು ಕೊಡುತ್ತೀಯಾ? ಹಸಿರು ಬಣ್ಣ ಇರಲಿ, ಹನ್ನೆರಡು ಜೇಬು ಇರಲಿ. ಸಾಮಾನಿನ ಪಟ್ಟಿ ಇದರ ಜೊತೆ ಇಟ್ಟಿದ್ದೇನೆ. ಮೂವತ್ತೊಂದು ಆಗಿದೆ. ಎಷ್ಟು ಕಡಿದರೂ ಇನ್ನು ಕಡಿಮೆ ಆಗುತ್ತಿಲ್ಲ.

ಜ್ವರದ ವಿಷಯ ಅವ್ವನಿಗೆ ಹೇಳಬೇಡ.

ನಿನ್ನ ಅಕ್ಕ,
ಮನಸ್ವಿನಿ

*

ಸೂರತ್
13 ನವೆಂಬರ್ 2024

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಅಕ್ಷರ ತಪ್ಪಾದರೆ ನಗಬೇಡ. ಐದನೆಯ ಕ್ಲಾಸಿನ ನಂತರ ಇಷ್ಟು ಉದ್ದ ಬರೆದದ್ದು ಇದೇ ಮೊದಲು.

ಚೀಲ ಹೊಲಿದು ಕೊಡುತ್ತೇನೆ. ನಮ್ಮ ಯುನಿಟ್ಟಿನ ಮೇಲ್ವಿಚಾರಕಿ ಹಂಸಾಬೆನ್ ಅವರನ್ನು ಕೇಳಿದೆ. ಕೇಳುವುದಕ್ಕೆ ನಾಲ್ಕು ದಿನ ಹಿಡಿಯಿತು. ಅವರು, "ಅರೆ ವಾಹ್, ಈ ಹುಡುಗಿಗೆ ಬಾಯಿ ಇದೆ!" ಎಂದು ಎಲ್ಲರ ಎದುರು ಕೂಗಿದರು. ಎಲ್ಲರೂ ನಕ್ಕರು. ಊಟದ ಹೊತ್ತಿನಲ್ಲಿ ನಿನ್ನ ಯಂತ್ರದಲ್ಲೇ ಹೊಲಿದುಕೋ, ಉಳಿದ ತುಂಡು ಬಟ್ಟೆ ತೆಗೆದುಕೋ ಎಂದರು.

ಪಟ್ಟಿ ನೋಡಿದೆ. ಅಕ್ಕ, ನಾನು ಕಾಡು ನೋಡಿಲ್ಲ. ಆದರೆ ದಿನಾ ಚೀಲ ನೋಡುತ್ತೇನೆ. ಒಂದು ವಿಷಯ ಹೇಳಲಾ? ಚೀಲದಲ್ಲಿ ಜೇಬು ಇಟ್ಟರೆ ಅದರೊಳಗೆ ಏನಾದರೂ ಬಂದು ಕೂರುತ್ತದೆ. ನಾವು ಹೊಲಿದ ಶಾಲೆಯ ಚೀಲಗಳು ರಿಪೇರಿಗೆ ವಾಪಸ್ ಬರುತ್ತವಲ್ಲ, ಜಾಸ್ತಿ ಜೇಬಿನ ಚೀಲಗಳೇ ಜಾಸ್ತಿ ಹರಿದಿರುತ್ತವೆ. ಒಳಗೆ ಕಲ್ಲು, ಬ್ಯಾಟರಿ, ಒಡೆದ ಕಂಪಾಸ್ ಎಲ್ಲ ಸಿಗುತ್ತವೆ. ಅದಕ್ಕೆ ನಿನ್ನ ಚೀಲಕ್ಕೆ ಒಂದೇ ಜೇಬು ಹೊಲಿಯುತ್ತೇನೆ. ಚೀಲವನ್ನೂ ಚಿಕ್ಕದು ಮಾಡುತ್ತೇನೆ. ಆಗ ಬೇಡದ್ದು ಹಿಡಿಸುವುದಿಲ್ಲ.

ಪಟ್ಟಿಯಲ್ಲಿ ಒಂದೊಂದರ ಮುಂದೆಯೂ "ಇದು ಏನು ಮಾಡುತ್ತದೆ?" ಎಂದು ನೀನೇ ಬರೆದು ಕಳಿಸು. ಏನೂ ಬರೆಯಲು ಬರದಿದ್ದರೆ ತೆಗೆದುಬಿಡು. ಎರಡು ಕೆಲಸ ಮಾಡುವ ಸಾಮಾನಿಗೆ ಎರಡು ಗೆರೆ ಹಾಕು. ಅದನ್ನು ಬಿಡುವುದು ಬೇಡ.

ಬಣ್ಣ ಹಸಿರು ಯಾಕೆ? ನೀನು ಕಾಡಿನಲ್ಲಿ ಅಡಗಲು ಹೋಗುತ್ತೀಯಾ? ಮೊನ್ನೆ ರೇನ್‌ಕೋಟಿನ ಕೆಲಸದಲ್ಲಿ ಕೇಸರಿ ಬಣ್ಣದ ಪ್ಯಾರಾಚೂಟ್ ಬಟ್ಟೆ ಉಳಿದಿದೆ. ತುಂಬಾ ತೆಳು, ನೀರು ಒಳಗೆ ಬಿಡುವುದಿಲ್ಲ. ಕಾಲಿಗೆ ಏನಾದರೂ ಆಗಿ ನೀನು ಕೂತರೆ ದೂರದಿಂದ ಕಾಣಬೇಕು.

ಜ್ವರ ಅಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಹೋಳಿ ಹಬ್ಬಕ್ಕೆ ಮನೆಗೆ ಬಂದಾಗ ನೀನು ಮೆಟ್ಟಿಲು ಇಳಿಯುವಾಗ ಪ್ರತಿ ಸಲವೂ ಅದೇ ಒಂದು ಕಾಲನ್ನು ಮೊದಲು ಇಡುತ್ತಿದ್ದೆ. ಅವ್ವನಿಗೂ ಗೊತ್ತಿರಬಹುದು.

ನಿನ್ನ ತಂಗಿ,
ಮೇದಿನಿ

*

ಅಹಮದಾಬಾದ್
1 ಡಿಸೆಂಬರ್ 2024

ಮೇದಿನಿ,

ನಿನ್ನ ಕಾಗದ ಓದಿ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಪೆನ್ನು ಹಿಡಿದುಕೊಂಡು ಕೂತೆ. ಮಡಚುವ ಕುರ್ಚಿಯ ಮುಂದೆ "ಕೂರುವುದಕ್ಕೆ" ಎಂದು ಬರೆದೆ. ಕಾಡಿನಲ್ಲಿ ಕೂರುವುದಕ್ಕೆ ಕಲ್ಲಿಲ್ಲವೇ? ಹೊಡೆದು ಹಾಕಿದೆ. ದೊಡ್ಡ ಟಾರ್ಚು, ಚಿಕ್ಕ ಟಾರ್ಚು ಎರಡೂ ಇದ್ದವು. ದೊಡ್ಡದು ಹೋಯಿತು. ಡಬ್ಬಿ ಊಟ ಹೋಯಿತು. ಮೂರು ಟೀ ಶರ್ಟುಗಳಲ್ಲಿ ಎರಡು ಹೋದವು. ಹೀಗೆ ಮಾಡಿ ಮಾಡಿ ಹದಿನೇಳಕ್ಕೆ ಬಂದು ನಿಂತಿದೆ.

ಸೀಟಿಯ ಮುಂದೆ ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ "ಸೋಲುವುದಕ್ಕೆ" ಎಂದು ಬರೆದೆ. ಹೊಡೆದು ಹಾಕಿ "ಬದುಕುವುದಕ್ಕೆ" ಎಂದು ಬರೆದೆ. ಸೀಟಿ ಇರಲಿ.

ಕೇಸರಿ ಬಣ್ಣಕ್ಕೆ ಒಪ್ಪಿದೆ. ಒಂದೇ ಜೇಬಿಗೂ ಒಪ್ಪಿದೆ. ಆದರೆ ಒಂದು ಮಾತು ನಾನು ಕೇಳುವುದಿಲ್ಲ. ನನ್ನ ಸ್ಟೀಲಿನ ಚಾಕು ಬಿಡುವುದಿಲ್ಲ. ಅದೇ, ಮಡಚಿದರೆ ಅಂಗೈಯಷ್ಟು, ಬಿಚ್ಚಿದರೆ ಇಕ್ಕಳ, ಗರಗಸ, ಕತ್ತರಿ, ಸ್ಕ್ರೂಡ್ರೈವರ್, ಬಾಟಲಿ ತೆಗೆಯುವುದು ಎಲ್ಲ ಬರುತ್ತದೆ. ನೀನು ಎರಡು ಕೆಲಸಕ್ಕೆ ಎರಡು ಗೆರೆ ಅಂದೆ, ಇದಕ್ಕೆ ಹದಿನಾಲ್ಕು ಗೆರೆ ಹಾಕಿದ್ದೇನೆ. ಈಗ ಏನು ಹೇಳುತ್ತೀ?

ನಿನ್ನ ಅಕ್ಷರದಲ್ಲಿ ತಪ್ಪು ಹುಡುಕಿದೆ. ಎರಡೇ ಸಿಕ್ಕವು. ನನ್ನ ಕಾಗದದಲ್ಲಿ ನೀನು ಹುಡುಕು, ಜಾಸ್ತಿ ಸಿಗುತ್ತವೆ. ಇಲ್ಲಿ ನನಗೆ ಕನ್ನಡ ಮಾತಾಡಲು ಯಾರೂ ಇಲ್ಲ.

ನಿನ್ನ ಅಕ್ಕ,
ಮನಸ್ವಿನಿ

*

ಸೂರತ್
10 ಡಿಸೆಂಬರ್ 2024

ಅಕ್ಕನಿಗೆ ನಮಸ್ಕಾರ.

ಹದಿನಾಲ್ಕು ಗೆರೆ ಸರಿ. ಆದರೆ ಹೋದ ಸಲ ಕಾಡಿನಲ್ಲಿ ಅದರಿಂದ ಎಷ್ಟು ಕೆಲಸ ಮಾಡಿದೆ? ಅದನ್ನು ಬರಿ. ಕಾಡಿನಲ್ಲಿ ಸ್ಕ್ರೂ ಎಲ್ಲಿರುತ್ತದೆ?

ನಾನು ಒಂದು ಚಿಕ್ಕ ಚಾಕು ಇಡುತ್ತೇನೆ. ದಾರ ಕತ್ತರಿಸುವ ನಮ್ಮ ಚಾಕು, ಚರ್ಮದ ಒರೆ ಇದೆ. ನಿನಗೆ ನಿನ್ನದೂ ಬೇಕೇ ಬೇಕು ಎಂದರೆ ಅದನ್ನೂ ಇಡುತ್ತೇನೆ. ನೀನು ದೊಡ್ಡವಳು.

ಊಟಕ್ಕೆ ಹಪ್ಪಳದ ಹಾಗೆ ಗರಿಗರಿ ಇರುವ ಒಣ ರೊಟ್ಟಿ, ಖಾಕ್ರಾ ಒಯ್ಯಿ. ನಮ್ಮ ರೂಮಿನ ಗುಜರಾತಿ ಹುಡುಗಿಯರು ಊರಿಗೆ ಹೋಗುವಾಗ ಅದನ್ನೇ ಕಟ್ಟಿಕೊಳ್ಳುತ್ತಾರೆ. ನೀರಿನ ಅಂಶ ಇಲ್ಲ, ಅದಕ್ಕೆ ಭಾರ ಇಲ್ಲ. ಪುಡಿಯಾದರೂ ಊಟವೇ. ಜೊತೆಗೆ ಅವಲಕ್ಕಿ.

ಚೀಲದ ಬೆನ್ನಿಗೆ ಫೋಮ್ ಹಾಕಿ ಹೊಲಿಯುವುದಿಲ್ಲ. ನೀನು ಮಲಗುವ ತೆಳು ಹಾಸನ್ನೇ ಮಡಚಿ ಬೆನ್ನಿನ ಕಡೆ ತೂರಿಸುವ ಹಾಗೆ ಮಾಡಿದ್ದೇನೆ. ಹಗಲು ಅದು ಚೀಲದ ಬೆನ್ನು, ರಾತ್ರಿ ನಿನ್ನ ಬೆನ್ನಿಗೆ. ಚೀಲದ ಬಾಯಿಗೆ ಎರಡು ಗೇಣು ಬಟ್ಟೆ ಹೆಚ್ಚಿಗೆ ಕೊಟ್ಟಿದ್ದೇನೆ. ಮಲಗುವಾಗ ಖಾಲಿ ಚೀಲದೊಳಗೆ ಮೊಣಕಾಲಿನ ತನಕ ಕಾಲು ತೂರಿಸಿಕೊಂಡು ದಾರ ಎಳೆದುಕೋ. ಡಾಂಗ್ ಕಡೆ ಜನವರಿ, ಫೆಬ್ರುವರಿಯಲ್ಲಿ ಕಾಲು ಮರಗಟ್ಟುತ್ತದೆ ಎಂದು ನಮ್ಮ ಯುನಿಟ್ಟಿನ ಆ ಕಡೆಯ ಹೆಂಗಸರು ಹೇಳಿದರು. ನಾನೇ ಹೋಗಿ ಕೇಳಿದೆ.

ಮೇದಿನಿ

*

ಮಂಜಲ್‌ಪುರ, ವಡೋದರಾ
22 ಡಿಸೆಂಬರ್ 2024

ಚಿರಂಜೀವಿ ಮೇದಿನಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಅಕ್ಕನ ಚೀಲ ನೀನು ಹೊಲಿಯುತ್ತಿರುವ ವಿಷಯ ಅವಳೇ ಫೋನಿನಲ್ಲಿ ಹೇಳಿದಳು. ನೀರು ಕುದಿಸಲು ಪಾತ್ರೆ ಬೇಕಲ್ಲ, ಯಾವುದು ಒಯ್ಯುತ್ತೀ ಎಂದು ಅವಳನ್ನು ಕೇಳಿದೆ. ಅಲ್ಯೂಮಿನಿಯಂ ಪಾತ್ರೆ, ನೂರ ತೊಂಬತ್ತು ಗ್ರಾಂ ಎಂದಳು.

ಇಪ್ಪತ್ತೆಂಟು ವರ್ಷ ಲೇಥ್ ನಡೆಸಿದವನು ನಾನು. ಮಕರ್ಪುರಾದಲ್ಲಿ ನಮ್ಮ ಶೆಡ್ಡಿನ ಮಾಲೀಕರ ಅನುಮತಿ ಕೇಳಿ, ಅಂಥದೇ ಪಾತ್ರೆ ಒಂದನ್ನು ಯಂತ್ರಕ್ಕೆ ಕಟ್ಟಿ ಹೊರಮೈಯನ್ನು ಸುತ್ತಲೂ ಸವರಿದೆ. ಹಿಡಿಕೆ ತೆಗೆದು ತಂತಿ ಹಾಕಿದೆ. ಮೊದಲನೆಯದು ತೂತಾಯಿತು. ಎರಡನೆಯದೂ ಆಯಿತು. ಮೂರನೆಯದು ನೂರ ಹದಿನೈದು ಗ್ರಾಂಗೆ ಬಂದು ನಿಂತಿದೆ. ನೀರು ಹಾಕಿ ಕುದಿಸಿ ನೋಡಿದ್ದೇನೆ. ಸೋರುವುದಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಕೈಯಲ್ಲಿ ಹಿಡಿದು ನೋಡಿದರು. ಯಾರಿಗೆ ಎಂದು ಕೇಳಿದರು. ನನ್ನ ಹೆಣ್ಣುಮಕ್ಕಳಿಗೆ ಎಂದೆ.

ಪಾರ್ಸೆಲ್ ಮಾಡಿದ್ದೇನೆ. ನಿನ್ನ ಅವ್ವ ತಾನು ಹೇಳಿದ್ದನ್ನು ಹಾಗೇ ಬರಿ ಎನ್ನುತ್ತಿದ್ದಾಳೆ, ಬರೆಯುತ್ತೇನೆ:

"ಐದ ಕಿಲೋದಾಗ ಊಟಕ್ಕ ಜಾಗ ಎಲ್ಲೈತಿ? ಖಾಕ್ರಾ ತಿಂದ ಗುಡ್ಡಾ ಹತ್ತಾಕ ಆಗತೈತೇನ? ಶೇಂಗಾ ಉಂಡಿ ಮಾಡಿ ಕಳಿಸ್ತೇನಿ. ಹನ್ನೆರಡ ಇಡಬೇಕು. ಹನ್ನೊಂದ ಆದ್ರ ನನಗ ಗೊತ್ತಾಗತೈತಿ. ಆಮ್ಯಾಲ ಅಕಿಗೆ ಹೇಳು, ಈ ಸಲ ಜ್ವರ ಬರಲಿಲ್ಲಂದ್ರ ಸಾಕು ಅಂತ."

ಹೀಗೆ ಹೇಳಿ ನಗುತ್ತಿದ್ದಾಳೆ. ಯಾಕೆಂದು ನನಗೆ ತಿಳಿಯಲಿಲ್ಲ.

ಇಂತಿ,
ನಿನ್ನ ಅಪ್ಪ

*

ಸೂರತ್
19 ಜನವರಿ 2025

ಅಕ್ಕನಿಗೆ ನಮಸ್ಕಾರ.

ಉತ್ತರಾಯಣದ ರಜೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಗಾಳಿಪಟ ಹಾರಿಸಲು ಹೋದರು. ನಾನು ಚೀಲ ಮುಗಿಸಿದೆ.

ನಮ್ಮಲ್ಲಿ ಹೊಸ ಚೀಲವನ್ನು ಕೊಂಡಿಗೆ ನೇತುಹಾಕಿ, ಅದು ಹೊರಬೇಕಾದ್ದಕ್ಕಿಂತ ಮೂರು ಪಟ್ಟು ಕಲ್ಲು ತುಂಬಿ ಒಂದು ದಿನ ಬಿಡುತ್ತೇವೆ. ನಿನ್ನದರಲ್ಲಿ ಹದಿನೈದು ಕಿಲೋ ತುಂಬಿದೆ. ಮೂರು ದಿನ ಬಿಟ್ಟೆ. ಹಂಸಾಬೆನ್ ಬಂದು ಹೆಗಲ ಪಟ್ಟಿಯ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದರು. ಏನೂ ಹೇಳಲಿಲ್ಲ. ಅವರು ತಪ್ಪಿದ್ದರೆ ಮಾತ್ರ ಹೇಳುವುದು.

ನಿನ್ನ ಸಾಮಾನು ಎಲ್ಲ ಬಂದಿದೆ. ಒಂದು ಕೈಯಲ್ಲಿ ಒಂದು, ಇನ್ನೊಂದು ಕೈಯಲ್ಲಿ ಒಂದು ಹಿಡಿದು ನೋಡಿ ಹಗುರವಾದದ್ದನ್ನು ಆರಿಸಿದ್ದೇನೆ. ಲೈಟರ್ ಒಂದು, ಮೇಣದ ಕಾಗದದಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ ಒಂದು. ಬೆಂಕಿಗೆ ಮಾತ್ರ ಎರಡು ಇರಲಿ. ಹೊದಿಕೆಗೆ ಅವ್ವನ ಕೌದಿ ಭಾರ, ಬೇರೆ ತೆಳು ಕಂಬಳಿ ಇಟ್ಟಿದ್ದೇನೆ. ಹಗ್ಗ, ಬ್ಯಾಂಡೇಜು, ಸೀಟಿ, ಚಿಕ್ಕ ಟಾರ್ಚು. ರಾತ್ರಿ ತಲೆಯ ಮೇಲೆ ಸೂರಿನ ಹಾಗೆ ಕಟ್ಟಿಕೊಳ್ಳಲು ಕೇಸರಿ ಬಟ್ಟೆಯ ದೊಡ್ಡ ಹಾಳೆ, ಮೂಲೆಗಳಿಗೆ ನಾಲ್ಕು ಪದರ ಹೊಲಿದಿದ್ದೇನೆ. ನೀನು ಪಟ್ಟಿಯಲ್ಲಿ ಬರೆಯದ ಒಂದು ಸಾಮಾನು ನಾನು ಸೇರಿಸಿದ್ದೇನೆ. ಎರಡು ಸೂಜಿ, ದಪ್ಪ ದಾರ. ನಿನ್ನ ಚಾಕೂ ಇಟ್ಟಿದ್ದೇನೆ.

ಉಂಡೆ ಹನ್ನೆರಡು ಇವೆ.

ಹೊರಡುವ ಹಿಂದಿನ ದಿನ ಎಲ್ಲ ತುಂಬಿ ನಮ್ಮ ಯುನಿಟ್ಟಿನ ತೂಕದ ಯಂತ್ರ, ಮುಳ್ಳಿನ ಕಾಟಾದ ಮೇಲೆ ತೂಗುತ್ತೇನೆ. ಬಟ್ಟೆಯ ಕಟ್ಟುಗಳನ್ನು ದಿನಾ ಅದರಲ್ಲೇ ತೂಗುವುದು, ಸರಿಯಾದ ಕಾಟಾ. ನೀನು ಫೆಬ್ರುವರಿ ಎರಡಕ್ಕೆ ಸೂರತ್ ಬಸ್ ಸ್ಟ್ಯಾಂಡಿಗೆ ಬಾ, ಚೀಲ ಅಲ್ಲಿಗೇ ತರುತ್ತೇನೆ. ಅಲ್ಲಿಂದಲೇ ನಿನಗೆ ಡಾಂಗ್ ಕಡೆಯ ಬಸ್ಸು.

ಮೇದಿನಿ

*

ಸೂರತ್
4 ಫೆಬ್ರುವರಿ 2025

ಅಕ್ಕ,

ಈ ಕಾಗದ ನಿನ್ನ ಅಹಮದಾಬಾದಿನ ರೂಮಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದರೂ ಬರೆಯುತ್ತೇನೆ. ನಿನ್ನ ಫೋನಿಗೆ ಐದು ಸಲ ಮಾಡಿದೆ. ನಾನೇ ಮಾಡಿದೆ. ಬಂದ್ ಇದೆ.

ನನ್ನಿಂದ ತಪ್ಪಾಗಿದೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕೈಗೆ ಒಂದು ಚೀಟಿ ಕೊಟ್ಟೆನಲ್ಲ, ನಾಲ್ಕು ಕಿಲೋ ಒಂಬೈನೂರ ಎಂಬತ್ತು ಗ್ರಾಂ ಎಂದು ಬರೆದು. ನೀನು ಅದನ್ನು ನೋಡಿ ಎಲ್ಲರ ಎದುರು ನನ್ನನ್ನು ಎತ್ತಿ ತಿರುಗಿಸಿದೆ. ಆ ಚೀಟಿ ತಪ್ಪು.

ನಮ್ಮ ಕಾಟಾದ ಮೇಲೆ ಯಾವಾಗಲೂ ಒಂದು ನೀಲಿ ಪ್ಲಾಸ್ಟಿಕ್ ಬುಟ್ಟಿ ಇರುತ್ತದೆ. ಕಟ್ಟುಗಳನ್ನು ಅದರಲ್ಲೇ ಇಟ್ಟು ತೂಗುವುದು. ಬುಟ್ಟಿಯ ತೂಕ ಸೇರಬಾರದೆಂದು ಕೆಳಗಿನ ತಿರುಪನ್ನು ತಿರುಗಿಸಿ ಮುಳ್ಳನ್ನು ಹಿಂದಕ್ಕೆ ಸರಿಸಿದ್ದಾರೆ. ಬುಟ್ಟಿ ಇಟ್ಟರೆ ಸೊನ್ನೆ. ನಿನ್ನ ಚೀಲ ಬುಟ್ಟಿಯಲ್ಲಿ ಕೂರಲಿಲ್ಲ. ನಾನು ಬುಟ್ಟಿ ಕೆಳಗಿಟ್ಟು ಚೀಲ ಇಟ್ಟು ಓದಿದೆ. ಇವತ್ತು ಬೆಳಿಗ್ಗೆ ಕಟ್ಟು ತೂಗಲು ಹೋದಾಗ, ಬುಟ್ಟಿ ಇಡುವ ಮೊದಲು ಮುಳ್ಳು ನೋಡಿದೆ. ಅದು ಸೊನ್ನೆಯ ಹಿಂದೆ ಮೂಲೆಗೆ ತಾಗಿ ನಿಂತಿತ್ತು. ನಾಲ್ಕು ವರ್ಷ ದಿನಾ ತೂಗಿದ್ದೇನೆ. ಖಾಲಿ ಕಾಟಾವನ್ನು ಒಂದು ದಿನವೂ ನೋಡಿರಲಿಲ್ಲ.

ಬುಟ್ಟಿಯನ್ನು ಪಕ್ಕದ ಜರಿ ಅಂಗಡಿಗೆ ಒಯ್ದು ತೂಗಿಸಿದೆ. ಇನ್ನೂರ ಅರವತ್ತು ಗ್ರಾಂ. ನಿನ್ನ ಚೀಲ ಐದು ಕಿಲೋ ಇನ್ನೂರ ನಲವತ್ತು ಇತ್ತು.

ನಿನ್ನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದಾರೆ. ನನಗೆ ಗೊತ್ತು. ನೀನು ಒಂದು ವರ್ಷ ಕಾದಿದ್ದೆ. ಅಪ್ಪ ಮೂರು ಪಾತ್ರೆ ಸವರಿದರು. ಒಂದೊಂದು ಗ್ರಾಂ ಎಲ್ಲರೂ ತೆಗೆದರು, ನಾನು ಒಂದೇ ಸಲ ಬುಟ್ಟಿಯಷ್ಟು ಸೇರಿಸಿದೆ.

ಮಧ್ಯಾಹ್ನ ಊಟ ಸೇರಲಿಲ್ಲ. ಹಂಸಾಬೆನ್ ಕೇಳಿದರು, ಹೇಳಿದೆ. ಅವರು ಬಯ್ಯುತ್ತಾರೆ ಎಂದುಕೊಂಡೆ. ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ನನ್ನ ಕಟ್ಟನ್ನು ತಾವೇ ಹೊಲಿದರು.

ಓದಿದವರಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ನೀನು ಇನ್ನು ಮೇಲೆ ಅಂಗಡಿಯಲ್ಲೇ ಚೀಲ ತೆಗೆದುಕೋ.

ಮೇದಿನಿ

*

ಆಹ್ವಾ, ಡಾಂಗ್
6 ಫೆಬ್ರುವರಿ 2025

ಮೇದಿನಿ, ನನ್ನ ಬಂಗಾರ,

ಬಸ್ಸಿಗೆ ಇನ್ನೂ ಎರಡು ತಾಸು ಇದೆ. ಇಲ್ಲಿ ಫೋನ್ ಚಾರ್ಜ್ ಆಗಿಲ್ಲ. ಆಗಿದ್ದರೂ ನಾನು ಇದನ್ನು ಕಾಗದದಲ್ಲೇ ಬರೆಯುತ್ತಿದ್ದೆ. ನಿನ್ನ ಹೂಂ ಹೂಂ ನನಗೆ ಇವತ್ತು ಸಾಲುವುದಿಲ್ಲ.

ನಾನು ಪಾಸ್. ಮೊದಲು ಅದನ್ನು ಬರೆದುಬಿಟ್ಟೆ. ಇನ್ನು ಕೇಳು.

ಮೂರನೆಯ ತಾರೀಕು ಬೆಳಿಗ್ಗೆ ಏಳು ಮಂದಿ ಸಾಲಿನಲ್ಲಿ ನಿಂತಿದ್ದೆವು. ನನ್ನ ಕೇಸರಿ ಚೀಲ ನೋಡಿ ಒಬ್ಬ, "ಬೆನ್, ಗಾಳಿಪಟ ತಂದಿದ್ದೀರಾ?" ಎಂದ. ವಿರಲ್‌ಭಾಯ್ ಚೀಲವನ್ನು ಕಾಟಾದ ಮೇಲೆ ಇಟ್ಟರು. ಐದು ಕಿಲೋ ಇನ್ನೂರ ನಲವತ್ತು. ನಾನು ನಿನ್ನ ಚೀಟಿ ತೋರಿಸಿದೆ.

"ಆ ಚಿಠ್ಠಿ ಕೋನೀ ಛೇ? ಯಾರದು ಈ ಚೀಟಿ?" ಎಂದರು.

"ನನ್ನ ತಂಗಿಯದು. ಅವಳು ಬರೆದಿದ್ದರೆ ಸರಿಯೇ ಇರುತ್ತದೆ. ನಿಮ್ಮ ಕಾಟಾ ಕೆಟ್ಟಿದೆ, ನೋಡಿಕೊಳ್ಳಿ" ಎಂದೆ.

ಅವರು ಚೀಲ ಇಳಿಸಿ, ಒಂದು ಕಿಲೋ ತೂಕದ ಬಟ್ಟು ತಂದು ಕಾಟಾದ ಮೇಲೆ ಇಟ್ಟರು. ಸರಿಯಾಗಿ ಒಂದು ಕಿಲೋ ತೋರಿಸಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಹತ್ತು ನಿಮಿಷ, ಬೆನ್. ಇಲ್ಲದಿದ್ದರೆ ಜೀಪು ಹತ್ತಿ" ಎಂದರು.

ನೆಲದ ಮೇಲೆ ಕೇಸರಿ ಹಾಳೆ ಹಾಸಿ ಎಲ್ಲ ಸುರಿದೆ. ಒಂದೊಂದನ್ನೇ ಕೈಯಲ್ಲಿ ಹಿಡಿದು ನಿನ್ನ ಪ್ರಶ್ನೆ ಕೇಳಿದೆ: ಇದು ಏನು ಮಾಡುತ್ತದೆ? ಎಲ್ಲವೂ ಉತ್ತರ ಕೊಟ್ಟವು. ನೀನು ಆರಿಸಿದ ಒಂದನ್ನೂ ತೆಗೆಯಲು ಆಗಲಿಲ್ಲ. ಆಮೇಲೆ ನನ್ನ ಹದಿನಾಲ್ಕು ಗೆರೆಯ ಚಾಕು ಕೈಗೆ ಬಂತು. ಹೋದ ವರ್ಷ ಅದರಿಂದ ಎಷ್ಟು ಕೆಲಸ ಮಾಡಿದೆ ಎಂದು ನೀನು ಕೇಳಿದ್ದೆ, ನಾನು ಉತ್ತರ ಬರೆದಿರಲಿಲ್ಲ. ಈಗ ಬರೆಯುತ್ತೇನೆ. ಒಂದು ಪೇರಲ ಹಣ್ಣು ಕತ್ತರಿಸಿದ್ದೆ.

ಚಾಕು ತೆಗೆದೆ. ಇನ್ನೂರ ಹತ್ತು ಗ್ರಾಂ. ಇನ್ನೂ ಮೂವತ್ತು ಹೆಚ್ಚಿತ್ತು. ಮೂರು ನಿಮಿಷ ಉಳಿದಿತ್ತು. ಆಗ ಅವ್ವನ ಉಂಡೆ ಕಂಡವು. ಎರಡು ತೆಗೆದು, ಅಲ್ಲೇ ಎಲ್ಲರ ಎದುರು ನಿಂತು ತಿಂದೆ. ಗಬಗಬ ತಿಂದೆ. ಒಬ್ಬ, "ಇದು ಮೋಸ!" ಎಂದು ಕೂಗಿದ. ವಿರಲ್‌ಭಾಯ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. "ಹೊಟ್ಟೆಯನ್ನು ನಾವು ತೂಗುವುದಿಲ್ಲ" ಎಂದರು. ಮತ್ತೆ ಕಾಟಾ. ನಾಲ್ಕು ಕಿಲೋ ಒಂಬೈನೂರ ಎಪ್ಪತ್ತು.

ಹನ್ನೆರಡು ಉಂಡೆಗಳಿಗೂ ಲೆಕ್ಕ ಸರಿ ಇದೆ ಎಂದು ಅವ್ವನಿಗೆ ಹೇಳು. ಎರಡನ್ನು ಬಾಗಿಲಿನಲ್ಲೇ ತಿಂದೆ, ಅಷ್ಟೇ.

ಎರಡನೆಯ ದಿನ ಅದೇ ಹಳ್ಳ ಬಂತು. ಹೋದ ವರ್ಷ ನಾನು ಬಿದ್ದ ಜಾಗದಲ್ಲಿ ಅದೇ ಬಂಡೆ, ಅದೇ ಪಾಚಿ. ಕಾಲು ಜಾರಿತು. ನಿಜವಾಗಿ ಜಾರಿತು. ಆದರೆ ಬೆನ್ನ ಮೇಲೆ ಯಾರೂ ಜಗ್ಗಲಿಲ್ಲ. ಒಂದು ಕೈ ಬಂಡೆಗೆ ಊರಿದೆ, ನಿಂತೆ. ನಿನ್ನ ಚೀಲ ನನ್ನ ಬೆನ್ನಿಗೆ ಅಂಟಿಕೊಂಡೇ ಇತ್ತು. ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತೆ. ಯಾರಿಗೂ ಹೇಳಬೇಡ.

ಅವತ್ತು ಸಂಜೆ ಗಾಳಿ ಎದ್ದು ಹಾಳೆ ಮುಳ್ಳಿನ ಗಿಡಕ್ಕೆ ಸಿಕ್ಕಿ ನಡುವೆ ಒಂದು ಗೇಣು ಹರಿಯಿತು. ಮೂಲೆಗಳು ಮಾತ್ರ ಅಲ್ಲಾಡಲಿಲ್ಲ. ನಾನು ಪಟ್ಟಿಯಲ್ಲಿ ಬರೆಯದ ಸೂಜಿ ದಾರ ತೆಗೆದು ಹೊಲಿದೆ. ನನ್ನ ಹೊಲಿಗೆ ನೋಡಿದರೆ ನೀನು ನಗುತ್ತೀ. ಹೇಗೋ ತಡೆಯಿತು. ಅಪ್ಪನ ಪಾತ್ರೆಯಲ್ಲಿ ನೀರು ಬಹಳ ಬೇಗ ಕುದಿಯುತ್ತದೆ. ಕಾಲುಗಳು ಚೀಲದೊಳಗೆ ಬೆಚ್ಚಗಿದ್ದವು. ಸೀಟಿ ಊದಲಿಲ್ಲ.

ಹಿಂದಿರುಗಿದಾಗ ವಿರಲ್‌ಭಾಯ್ ಚೀಲವನ್ನು ಒಳಗೆ ಹೊರಗೆ ಮಾಡಿ ನೋಡಿದರು. ಯಾವ ಕಂಪನಿಯದು ಎಂದು ಕೇಳಿದರು. ನನ್ನ ತಂಗಿ ಮೇದಿನಿ ಹೊಲಿದದ್ದು, ಪಟ್ಟಿಯೂ ಅವಳದೇ ಎಂದೆ. ಮಾರ್ಚಿನಲ್ಲಿ ಹೊಸಬರಿಗೆ ತರಬೇತಿ ಇದೆ, ಚೀಲ ತುಂಬುವುದನ್ನು ಅವರೇ ಬಂದು ಕಲಿಸಲಿ ಎಂದರು. ನಿನಗೆ "ಅವರು" ಎಂದರು. ನಾನು ಒಪ್ಪಿಕೊಂಡುಬಿಟ್ಟೆ. ಬಯ್ಯಬೇಡ.

ಚೀಟಿಯಲ್ಲಿ ಹೇಗೆ ವ್ಯತ್ಯಾಸ ಆಯಿತೋ ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ. ಆಗದೇ ಇದ್ದಿದ್ದರೆ ಆ ಚಾಕು ಈಗಲೂ ನನ್ನ ಬೆನ್ನ ಮೇಲೆ ಇರುತ್ತಿತ್ತು.

ಇನ್ನೊಂದು ಮಾತು. ಕಾಡಿನಲ್ಲಿ ಒಬ್ಬಳೇ ಇದ್ದಾಗ ಒಂದು ವಿಷಯ ಬಹಳ ನೆನಪಾಯಿತು. ನಾವು ರಾಣೆಬೆನ್ನೂರಿನಿಂದ ವಡೋದರಾಕ್ಕೆ ಬಂದ ವರ್ಷ, ಅವ್ವನಿಗೆ ಆಪರೇಶನ್ ಆಯಿತು. ಮನೆಯಲ್ಲಿ ಒಬ್ಬರು ಇರಬೇಕಾಗಿತ್ತು. ದೊಡ್ಡವಳು ನಾನು. ಹೊಸ ಶಾಲೆಗೆ ಹೆಸರು ಹಚ್ಚಲು ಅಪ್ಪ ಬೆಳಿಗ್ಗೆ ಹೊರಟಾಗ ನೀನು ಚಪ್ಪಲಿ ಹಾಕಿಕೊಂಡು ಬಾಗಿಲಿನಲ್ಲಿ ನಿಂತಿದ್ದೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಯಾರೂ ನಿನಗೆ ಮನೆಯಲ್ಲಿ ಉಳಿ ಎಂದು ಹೇಳಿರಲಿಲ್ಲ. ನಾನು ಅಪ್ಪನ ಹಿಂದೆ ಶಾಲೆಗೆ ಹೊರಟುಬಿಟ್ಟೆ.

ಬಸ್ಸು ಬಂತು.

ನಿನ್ನ ಅಕ್ಕ,
ಮನಸ್ವಿನಿ

*

ಸೂರತ್
16 ಫೆಬ್ರುವರಿ 2025

ಅಕ್ಕನಿಗೆ ನಮಸ್ಕಾರ.

ನಮ್ಮ ಕಾಗದಗಳು ದಾರಿಯಲ್ಲಿ ಎದುರುಬದುರಾಗಿವೆ. ನನ್ನದನ್ನು ನೀನು ಓದಿರುತ್ತೀ. ಹರಿದು ಹಾಕು.

ನಿನ್ನ ಕಾಗದವನ್ನು ಹಂಸಾಬೆನ್ ಅವರಿಗೆ ಗುಜರಾತಿಯಲ್ಲಿ ಹೇಳಿದೆ. ಉಂಡೆ ತಿಂದದ್ದನ್ನು ಎರಡು ಸಲ ಹೇಳಿಸಿದರು. ಆಮೇಲೆ ಕಾಟಾದ ಹತ್ತಿರ ಹೋಗಿ ಗೋಡೆಗೆ ಒಂದು ಕಾಗದ ಅಂಟಿಸಿದರು. "ಮೊದಲು ಮುಳ್ಳು ನೋಡಿ" ಎಂದು.

ಚಪ್ಪಲಿಯ ವಿಷಯ. ಅವತ್ತು ಆ ಚಪ್ಪಲಿ ನನಗೆ ಬಿಗಿಯಾಗಿತ್ತು, ಅದಕ್ಕೆ ಬಿಟ್ಟೆ. ಇಷ್ಟೇ ಎಂದು ತಿಳಿದುಕೋ.

ಅಹಮದಾಬಾದಿಗೆ ಬರುತ್ತೇನೆ. ಆದರೆ ಮಾತಾಡಲು ನನಗೆ ಬರುವುದಿಲ್ಲ ಎಂದು ಅವರಿಗೆ ಮೊದಲೇ ಹೇಳಿರು.

ಮೇದಿನಿ

*

ಅಹಮದಾಬಾದ್
9 ಮಾರ್ಚ್ 2025

ಅವ್ವ, ಅಪ್ಪನಿಗೆ ಮೇದಿನಿಯ ನಮಸ್ಕಾರಗಳು.

ಅಕ್ಕನ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವಳು ಅಡುಗೆ ಮಾಡುತ್ತಿದ್ದಾಳೆ. ಖಾರ ಜಾಸ್ತಿ ಆಗಿದೆ ಎಂದು ವಾಸನೆಯಿಂದಲೇ ಗೊತ್ತಾಗುತ್ತಿದೆ.

ಇವತ್ತು ತರಬೇತಿ ಆಯಿತು. ಹನ್ನೊಂದು ಮಂದಿ ಇದ್ದರು. ಎಲ್ಲರೂ ಕಾಲೇಜು ಓದಿದವರು. ಒಬ್ಬೊಬ್ಬರ ಚೀಲ ನನ್ನ ಸೊಂಟದ ತನಕ ಇತ್ತು. ವಿರಲ್‌ಭಾಯ್ ನನ್ನ ಹೆಸರು ಹೇಳಿ ಮುಂದೆ ಕರೆದರು. ಹಿಂದೆ ಅಕ್ಕ ನಿಂತಿದ್ದಳು, ಆದರೆ ನನ್ನ ಪರವಾಗಿ ಮಾತಾಡಲಿಲ್ಲ.

ನಾನು ಮೊದಲು ಖಾಲಿ ಕಾಟಾ ತೋರಿಸಿದೆ. ಮುಳ್ಳು ಸೊನ್ನೆಯ ಮೇಲೆ ಇದೆಯಾ ಎಂದು ಒಬ್ಬೊಬ್ಬರನ್ನೂ ಕರೆದು ನೋಡಿಸಿದೆ. ಯಾಕೆ ಎಂದು ಕೇಳಿದರು. ನೀಲಿ ಬುಟ್ಟಿಯ ಕಥೆ ಹೇಳಿದೆ. ನನ್ನ ತಪ್ಪನ್ನು ನಾನೇ ಹೇಳಿದೆ. ಮುರುಕು ಹಿಂದಿಯಲ್ಲಿ, ಮಧ್ಯೆ ಗುಜರಾತಿ ಸೇರಿಸಿ ಹೇಳಿದೆ. ಯಾರೂ ನಗಲಿಲ್ಲ. ಉಂಡೆ ಬಂದಾಗ ನಕ್ಕರು. ಆಮೇಲೆ ಮಾತು ತಾನಾಗಿ ಬಂತು.

ಆಮೇಲೆ ಒಬ್ಬ ಹುಡುಗನ ಚೀಲ ತೆಗೆದುಕೊಂಡು ಹಾಳೆಯ ಮೇಲೆ ಸುರಿದೆ. ಒಂದೊಂದನ್ನು ಎತ್ತಿ ಹಿಡಿದು ಇದು ಏನು ಮಾಡುತ್ತದೆ ಎಂದು ಕೇಳುತ್ತಾ ಹೋದೆ. ಅವನ ಚೀಲ ಒಂಬತ್ತೂವರೆಯಿಂದ ಐದೂಕಾಲಿಗೆ ಇಳಿಯಿತು. ಕೊನೆಗೆ ಒಂದು ಚಾಕು ಬಂತು. ಅಕ್ಕನದಂಥದೇ. ಹದಿನೆಂಟು ಕೆಲಸ ಮಾಡುತ್ತದಂತೆ. ನಾನು ಅಕ್ಕನ ಮುಖ ನೋಡಿದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಅಪ್ಪ, ನಿಮ್ಮ ಪಾತ್ರೆ ಹನ್ನೊಂದು ಕೈಗಳಲ್ಲಿ ಸುತ್ತಿ ಬಂತು. ಯಾರು ಮಾಡಿದ್ದು ಎಂದು ಎಲ್ಲರೂ ಕೇಳಿದರು.

ಮುಗಿದ ಮೇಲೆ ರಿಜಿಸ್ಟರ್ ಕೊಟ್ಟರು. ಕಲಿಸಿದವರ ಹೆಸರು, ಕೆಲಸ, ಓದು ಎಂದು ಮೂರು ಕಡೆ ತುಂಬಬೇಕು. ಮೊದಲು ಬಂದವರದೆಲ್ಲ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಓದು. ಅಕ್ಕ ಪೆನ್ನಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಕನ್ನಡದಲ್ಲೇ ಬರೆದೆ. ಹೆಸರು ಮೇದಿನಿ. ಕೆಲಸ ಚೀಲ ಹೊಲಿಯುವುದು. ಓದು ಐದನೆಯ ಕ್ಲಾಸು, ರಾಣೆಬೆನ್ನೂರು.

ಅಕ್ಷರ ದುಂಡಗೆ ಬಂದಿದೆ. ಅಕ್ಕ ಅದರ ಫೋಟೋ ತೆಗೆದುಕೊಂಡಿದ್ದಾಳೆ. ನಿಮಗೆ ತೋರಿಸುತ್ತಾಳೆ.

ನಿಮ್ಮ ಮಗಳು,
ಮೇದಿನಿ